ಬೀಗದ ಕೈ ಯಾರ ಕೈ

ಮೊಳದುದ್ದದ ಕಬ್ಬಿಣ. ಹಿಡಿಯ ಬಳಿ ಸವೆದು ಬೆಳ್ಳಗಾಗಿದೆ,
ಹನ್ನೊಂದು ತಲೆಮಾರಿನ ಹೆಬ್ಬೆರಳು ಅಲ್ಲಿ ಕೂತೆದ್ದಿದೆ.
ಅದನ್ನು ಮುಟ್ಟಬಾರದು ಅಂತ ನನಗೆ ಹೇಳಿದ್ದು
ಮದುವೆಯಾಗಿ ಬಂದ ಮೂರನೆಯ ದಿನ, ಅತ್ತೆ,
ಹಿಟ್ಟು ಮೆತ್ತಿದ ಕೈಯಲ್ಲೇ ಗೋಡೆಯ ಮೊಳೆ ತೋರಿಸಿ.
ನಾನು ಕೆಳಗಿನ ಬಯಲಿನವಳು, ಜೋಳದ ಗಂಜಿಯವಳು;
ಸ್ವಾನೇತಿಯ ಈ ಕಲ್ಲುಗೋಪುರಗಳ ಊರಿಗೆ
ನನ್ನ ಮಾತೇ ಒಂದು ನಗೆ.

ಬೀಗದ ಕೈ ಮಾವ ಮುರ್ಜಾಕಾನನದು. ಅವನಪ್ಪನದು. ಅಪ್ಪನಪ್ಪನದು.
ಮೇಲೆ ದಿಣ್ಣೆಯಲ್ಲಿ, ಇಪ್ಪತ್ತು ಜನ ನಿಂತರೆ ತುಂಬುವ ಇಗರ್ಜಿ,
ಒಳಗೆ ಹೊಗೆ ಹಿಡಿದ ಯೇಸು, ಒಂದು ಕಣ್ಣಿನ ಗಾರೆ ಉದುರಿದವನು.
ಮಾವನಿಗೆ ಗಂಡು ಅಂತ ಇದ್ದವನು ನನ್ನ ಗಂಡ ಒಬ್ಬನೇ.
ಅವನನ್ನು ಹಿಮ ತೆಗೆದುಕೊಂಡಿತು.

ಆಮೇಲೆ ದಾಯಾದಿಗಳು ಬಂದರು.
ಗೆಗಿ ಒಂದು ಕುರಿ ತಂದ, ಬಿಮುರ್ಜಾ ಒಂದು ಬಾಟಲಿ.
ಹುಲ್ಲುಗಾವಲು ಪಾಲಾಯಿತು, ಗೋಪುರ ಪಾಲಾಯಿತು,
ಜೇನುಪೆಟ್ಟಿಗೆಗಳನ್ನೂ ಎಣಿಸಿದರು.
"ಕೈ?" ಅಂದ ಗೆಗಿ, ಮೊಳೆಯತ್ತ ನೋಡದ ಹಾಗೆ ನೋಡುತ್ತ.
ಮಾವ ಕೆಮ್ಮಿದ. ಅದೇ ಉತ್ತರ.

ಜನವರಿಯಲ್ಲಿ, ದೀಕ್ಷಾಸ್ನಾನದ ಹಬ್ಬದ ಹಿಂದಿನ ಸಂಜೆ, ದಾರಿ ಮುಚ್ಚಿತು.
ಹಿಟ್ಟಿನ ಲಾರಿಯೊಂದು ಏದುತ್ತ ನಮ್ಮ ಅಂಗಳಕ್ಕೆ ಬಂದು ನಿಂತಿತು.
ಇಳಿದವನು ವಾಗಿಫ್, ದೂರದ ಮಾರ್ನೆಉಲಿಯವನು,
ನಮಾಜಿಗೆ ದಕ್ಷಿಣ ಯಾವ ಕಡೆ ಅಂದ.
ದನದ ಕೊಟ್ಟಿಗೆಯ ಕಡೆ ಸೌಟು ತೋರಿಸಿದೆ.
ಊಟಕ್ಕೆ ಕೂತಾಗ ಮಾತಿಗೆ ಮಾತು:
"ಮೇಲಿನ ಇಗರ್ಜಿ ಯಾರದು, ಅಜ್ಜ?"
"ನಮ್ಮದು."
"ನಿಮಗೆ ಎಲ್ಲಿಂದ ಬಂತು?"
"ಅಪ್ಪನಿಂದ."
"ಅವರಿಗೆ?"
"ಅವರಪ್ಪನಿಂದ."
"ಮೊಟ್ಟಮೊದಲಿನವರಿಗೆ?"
ಕೀಟಲೆಯಲ್ಲ, ಮಗು ಕೇಳಿದ ಹಾಗೆ ಕೇಳಿದ, ಬಾಯಲ್ಲಿ ರೊಟ್ಟಿ.
ಮಾವನ ಚಮಚ ಅರ್ಧ ದಾರಿಯಲ್ಲಿ ನಿಂತಿತು.

ಮೊಟ್ಟಮೊದಲು ತಂದವಳು ಒಬ್ಬ ಹೆಣ್ಣು, ಪರದೇಶದವಳು
(ಈ ನಾಡಿನ ತೊಟ್ಟಿಲ ಕೂಸೂ ಬಲ್ಲ ಕತೆ),
ಮನೆಮಾರಿಲ್ಲ, ಹೆತ್ತ ಮಕ್ಕಳಿಲ್ಲ,
ದ್ರಾಕ್ಷಿಬಳ್ಳಿಯ ಎರಡು ಕಡ್ಡಿ ಅಡ್ಡಡ್ಡ ಇಟ್ಟು
ತನ್ನ ಕೂದಲಲ್ಲೇ ಬಿಗಿದು, ಹಿಡಿದು, ನಡೆದು ಬಂದವಳು.
ಅವಳಿಗೂ ಅದು ರಕ್ತದಲ್ಲಿ ಬಂದದ್ದಲ್ಲ,
ಯಾರೋ ಕೊಟ್ಟದ್ದು. ಅವರಿಗೆ ಇನ್ಯಾರೋ.
ಹೀಗೇ ಹಿಂದೆ ಹಿಂದೆ ಹೋದರೆ
ಊರ ಗೋಡೆಯಾಚೆ ಸಾಯುತ್ತಿದ್ದ ಒಬ್ಬ,
ಬಿಟ್ಟುಹೋಗಲು ಮೈಮೇಲಿನ ಅಂಗಿಯೂ ಇಲ್ಲದವನು;
ಅದನ್ನು ಸಿಪಾಯಿಗಳು ಆಗಲೇ
ಚೀಟಿ ಎತ್ತಿ ಪಾಲು ಹಾಕಿಕೊಂಡಿದ್ದರು.

ಇದೇನನ್ನೂ ಮಾವ ಹೇಳಲಿಲ್ಲ. ಒಲೆಯ ಮುಂದೆ ನಾನು ಅಂದುಕೊಂಡದ್ದು.
ಅವನು ಹೇಳಿದ್ದು ಇಷ್ಟೇ: "ಮಲಗು. ಬೆಳಗಾಗಲಿ."

ಬೆಳಿಗ್ಗೆ ಬೀಗ ಹೆಪ್ಪುಗಟ್ಟಿತ್ತು.
ಮಾವನ ಬೆರಳು ಶುಂಠಿಯ ಬೇರು, ಹಿಡಿತವಿಲ್ಲ.
ದಾಯಾದಿಗಳು ಹಿಮದ ಆಚೆ.
ವಾಗಿಫ್ ಕೇಳಲೂ ಇಲ್ಲ, ಕೈ ತೆಗೆದುಕೊಂಡ,
ಸ್ವೆಟರಿನೊಳಗೆ ತೂರಿಸಿ ಕಂಕುಳಲ್ಲಿ ಇಟ್ಟುಕೊಂಡ,
ಚಳಿಗೆ ತನ್ನ ಭಾಷೆಯಲ್ಲಿ ಬೈದ,
ಅಲ್ಲೇ ಕುಣಿದ, ನಮಗೆ ನಗು.
ಎರಡನೆಯ ಸಲಕ್ಕೆ ಬಾಗಿಲು ನರಳಿ ಬಿಟ್ಟುಕೊಂಡಿತು.

ಅವನು ಹೊಸ್ತಿಲಾಚೆ ಟೋಪಿ ಹಿಡಿದು ನಿಂತ.
"ಹೊರಗೆ ಗಾಳಿ. ಒಳಗೆ ಬಾ," ಅಂದ ಮಾವ.
ಮೇಣದಬತ್ತಿ ಹಚ್ಚಲು ಎರಡೂ ಕೈ ಬೇಕಿತ್ತು ಅವನಿಗೆ,
ತಿರುಗಿ ನೋಡದೆ ನನ್ನತ್ತ ಚಾಚಿದ: "ಹಿಡಿ."
ಸೆರಗಿಗೆ ಅಂಗೈ ಒರೆಸಿಕೊಂಡೆ ಮೊದಲು.
ಕಬ್ಬಿಣ ಇನ್ನೂ ಬೆಚ್ಚಗಿತ್ತು,
ಪರವೂರವನ ಮೈಬಿಸಿ.

ವಾಗಿಫ್ ಮೂರನೆಯ ದಿನ ಹೋದ, ಬಂದಿದ್ದ ಹಾಗೇ,
ತನ್ನ ನಮಾಜು ತನ್ನೊಂದಿಗೆ.
ವಸಂತದಲ್ಲಿ ಬಸ್ಸಿನವನ ಕೈಯಲ್ಲಿ
ಬೀಗಕ್ಕೆ ಅಂತ ಎಣ್ಣೆಯ ಡಬ್ಬಿ ಕಳಿಸಿದ.
ಗೆಗಿ ಈಗ ನಮ್ಮ ಜೊತೆ ಮಾತಾಡುವುದಿಲ್ಲ.
ಮಾವ ಹೋದಮೇಲೆ ಆ ಮೊಳೆಯನ್ನು
ಒಂದು ಗೇಣು ಕೆಳಗಿಳಿಸಿ ಹೊಡೆದಿದ್ದೇನೆ.
ಪಕ್ಕದ ಮನೆಯ ಹುಡುಗಿ
ತುದಿಗಾಲಲ್ಲಿ ನಿಂತರೆ ಸಿಗುತ್ತದೆ.